ಇರ್ಯಾಳ ತಾಯಿಯ ಕಾಗದ

ಬ್ರೆಡ್ಡಿನ ತಳ ಹತ್ತಿತೇನೋ, ವಾಸನೆ ಬರುತ್ತಿದೆ, ಏಳಬೇಕು, ಆದರೆ ಎದ್ದರೆ ಏಪ್ರನ್ನಿನ ಜೇಬಿನಲ್ಲಿರುವ ಕಾಗದ ಕರಕರ ಎನ್ನುತ್ತದೆ, ಇರ್ಯಾಳಿಗೆ ಕೇಳಿಸುತ್ತದೆ — ಎಂಥ ಹುಚ್ಚು ನನ್ನದು, ಮೂರು ದಿನದಿಂದ ಜೇಬಿನಲ್ಲೇ ಇದೆ, ಫಿನ್ಲೆಂಡಿನಿಂದ ಇರ್ಯಾಳ ತಾಯಿ ಬರೆದದ್ದು, ನನಗೆ ಆ ಭಾಷೆಯ ಒಂದಕ್ಷರವೂ ಬಾರದು, ಇರ್ಯಾಳಿಗೂ ಈಗ ಬಾರದು, ಎರಡೂವರೆ ವರ್ಷದಲ್ಲಿ ಅವಳ ನುಡಿಯೆಲ್ಲ ಕರಗಿ ನಮ್ಮ ಸ್ವೀಡಿಷ್ ಮಾತ್ರ ಉಳಿದಿದೆ, ಅದಕ್ಕೇ ಮರದ ಮಿಲ್ಲಿನಲ್ಲಿ ದುಡಿಯುವ ಸಿಲ್ವಿಯ ಹತ್ತಿರ ಹೋದೆ, ಅವಳು ಆ ಕಡೆಯವಳು, ಕೈ ಒರೆಸಿಕೊಂಡು ಓದಿದಳು, ನಡುವೆಯೇ ತಲೆ ಎತ್ತಿ ಎಂದಳು, ಹುಲ್ಡಕ್ಕಾ, ಇದು ಒಳ್ಳೇ ಸುದ್ದೀನೋ ಕೆಟ್ಟದ್ದೋ ನಂಗೊತ್ತಾಗ್ತಿಲ್ಲ, ಮಗೂನ ನೀವೇ ಇಟ್ಕೊಳ್ಳಿ ಅಂತಿದಾಳೆ, ಗಂಡ ಯುದ್ಧದಲ್ಲಿ ಹೋದ್ನಂತೆ, ಊರು ರಷ್ಯಾದ ಪಾಲಾಯ್ತಂತೆ, ಯಾರದೋ ಮನೇಲಿ ಒಂದು ಕೋಣೆ, ಮೂರು ಗಂಡುಮಕ್ಕಳು, ನಿಮ್ಮಲ್ಲಾದ್ರೆ ಅವಳಿಗೆ ಹಾಲಾದ್ರೂ ಸಿಗುತ್ತೆ ಅಂತ ಬರ್ದಿದಾಳೆ — ಆಗ ನನ್ನೊಳಗೆ ಮೊದಲು ಬಂದದ್ದು ಸಂತೋಷ, ದೇವರೇ, ಸಂತೋಷ, ಸಿಲ್ವಿ ಕಣ್ಣೊರೆಸಿಕೊಳ್ಳುತ್ತಿದ್ದಳು, ನಾನು ನಗು ಕಾಣದಿರಲೆಂದು ತುಟಿ ಕಚ್ಚಿಕೊಂಡೆ, ಕಾಗದವೇ ಬಾರದಿರಲಿ ಎಂದು ಪ್ರತಿ ಭಾನುವಾರ ಚರ್ಚಿನಲ್ಲಿ ಬೇಡಿದವಳು ನಾನಲ್ಲವೇ.

ಬ್ರೆಡ್ಡು ತೆಗೆದಿಟ್ಟೆ, ಪೂರ್ತಿ ಸುಟ್ಟಿಲ್ಲ, ಅಂಚು ಕೆರೆದರಾಯಿತು — ಬಂದ ಹೊಸದರಲ್ಲಿ ಅವಳು ಸುಟ್ಟ ಅಂಚನ್ನೂ ಬಿಡುತ್ತಿರಲಿಲ್ಲ, ದಿಂಬಿನಡಿ ಬಚ್ಚಿಡುತ್ತಿದ್ದಳು, ಆ ಫೆಬ್ರವರಿಯಲ್ಲಿ ಸ್ಟೇಷನ್ನಿನ ಹಿಮದಲ್ಲಿ, ಯುದ್ಧದಿಂದ ಉಳಿಯಲೆಂದು ಫಿನ್ಲೆಂಡಿನಿಂದ ಕಳಿಸಿದ ಮಕ್ಕಳ ಸಾಲು, ಕೊರಳಲ್ಲಿ ನಂಬರಿನ ಚೀಟಿ, ಗಟ್ಟಿಮುಟ್ಟಾದವರನ್ನು ಜನ ಆರಿಸಿಕೊಂಡು ಹೋದರು, ಹೇನಿಗೆಂದು ತಲೆ ಬೋಳಿಸಿದ್ದ ಈ ಆರು ವರ್ಷದ ಕಡ್ಡಿ ಕೊನೆಗುಳಿಯಿತು, ಗಂಡ ಆಲ್ಗೊಟ್ ನನ್ನ ಕಿವಿಯಲ್ಲಿ, ಹೊಲಕ್ಕಾಗೋ ಹುಡುಗ ಸಿಕ್ತಾನೆ ಅಂದ್ಕೊಂಡ್ರೆ ಗುಬ್ಬಚ್ಚಿ ಸಿಕ್ತಲ್ಲೇ, ಎಂದವನೇ ತನ್ನ ಕೋಟು ಬಿಚ್ಚಿ ಅವಳಿಗೆ ಸುತ್ತಿದ — ಹೆತ್ತ ಎರಡನ್ನೂ ಮಣ್ಣಿಗೆ ಕೊಟ್ಟವರು ನಾವು, ಒಂದು ಬೆಳಿಗ್ಗೆ ವಿಮಾನದ ಸದ್ದಾಯಿತು, ನಮ್ಮದೇ ವಿಮಾನ, ಅವಳಿಗೇನು ಗೊತ್ತು, ನನ್ನ ಏಪ್ರನ್ ಹಿಡಿದು ದರದರ ಎಳೆದಳು, ಅಂಗಳ ದಾಟಿ ಆಲೂಗಡ್ಡೆಯ ನೆಲಮಾಳಿಗೆಗೆ, ತಾನೊಬ್ಬಳೇ ಓಡಲಿಲ್ಲ, ನನ್ನನ್ನೂ ಉಳಿಸಬೇಕಿತ್ತು ಅವಳಿಗೆ, ಕತ್ತಲಲ್ಲಿ ತನ್ನ ಪುಟ್ಟ ಕೈಯಿಂದ ನನ್ನ ತಲೆ ಮುಚ್ಚಿ ಕೂತಳು, ಅಂದೇ ನಾನು ಅವಳ ತಾಯಿಯಾದೆ, ಅವಳು ಮಾತ್ರ ಫಿನ್ಲೆಂಡಿನಿಂದ ಬರುವಾಗ ತೊಟ್ಟಿದ್ದ ಬೂಟಿಗೆ ಪ್ರತಿ ಶನಿವಾರ ಪಾಲಿಶ್ ಹಾಕುತ್ತಾಳೆ, ಅದು ಈಗ ಕಾಲಿಗೆ ಹಿಡಿಯುವುದೇ ಇಲ್ಲ, ಇರ್ಲಿ ಹುಲ್ಡತ್ತೆ, ಅಮ್ಮ ಕರೆಸ್ಕೊಂಡಾಗ ಹಾಕ್ಕೋಬೇಕಲ್ಲ.

ಹೇಳ್ಬಿಡು ಹುಲ್ಡಾ, ಆಲ್ಗೊಟ್ ಊಟಕ್ಕೆ ಕೂತಾಗಲೇ ಪಿಸುಗುಟ್ಟಿದ್ದ, ಹಬ್ಬದ ಬಟ್ಟೆನಾ ಅದು, ಪೆಟ್ಟಿಗೇಲಿ ಮಡಚಿಡೋಕೆ, ನಿನ್ಕೈಲಿ ಆಗ್ದಿದ್ರೆ ನಾನೇ ಹೇಳ್ತೀನಿ — ಬೇಡ, ನಾನೇ, ಅವನು ಹೊಲಕ್ಕೆ ಹೋದ, ಇರ್ಯಾ ಕಾಡಿನಿಂದ ತಂದ ಕೆಂಪು ಹಣ್ಣನ್ನು ಮೇಜಿನ ಮೇಲೆ ಸುರಿದುಕೊಂಡು ಎಲೆ, ಕಡ್ಡಿ ಆರಿಸುತ್ತಿದ್ದಾಳೆ, ಎದುರಿಗೆ ಕೂತೆ, ಕಂದಾ, ನಿಮ್ಮಮ್ಮ ಕಾಗ್ದ ಬರ್ದಿದಾರೆ, ಅಲ್ಲಿ ತುಂಬ ಕಷ್ಟ ಅಂತೆ, ನೀನಿನ್ನು ಇಲ್ಲೇ ಇರ್ಬೇಕಂತೆ, ನಮ್ಮ ಮಗಳಾಗಿ — ಎಷ್ಟು ಸಲ ಮನಸ್ಸಿನಲ್ಲೇ ಆಡಿ ನೋಡಿದ್ದ ಮಾತು, ಬಾಯಿಂದ ಬಂದಾಗ ಕಳ್ಳಿಯ ಮಾತಿನಂತೆ ಕೇಳಿಸಿತು, ಅವಳು ತಲೆ ಎತ್ತಲಿಲ್ಲ, ತಮ್ಮಂದಿರ್ನ? ಎಂದಳು, ಏನು ಕಂದಾ, ಎಂದೆ, ತಮ್ಮಂದಿರ್ನ ಅಮ್ಮ ಇಟ್ಕೊಂಡಿದಾಳಾ? ಸುಳ್ಳು ಹೇಳಬಹುದಿತ್ತು, ನಾಲಿಗೆ ಏಳಲಿಲ್ಲ, ಹೂಂ, ಎಂದೆ, ಮೂರೂ ಜನಾನಾ? ಹೂಂ ಕಂದಾ, ಅವರು ಚಿಕ್ಕವರಲ್ವಾ — ಸರಿ ಹುಲ್ಡತ್ತೆ, ಎಂದಳು, ಅಷ್ಟೇ, ಅಳಲಿಲ್ಲ, ಅತ್ತಿದ್ದರೆ ಎದೆಗೆ ಎಳೆದುಕೊಳ್ಳುತ್ತಿದ್ದೆ, ಮತ್ತೆ ಆರಿಸತೊಡಗಿದಳು, ನಿಧಾನವಾಗಿ, ಒಂದೊಂದಾಗಿ, ನಾನು ಆ ಬೆರಳುಗಳನ್ನೇ ನೋಡುತ್ತಿದ್ದೇನೆ, ಎಲೆಯನ್ನು ಬಟ್ಟಲಿಗೆ ಹಾಕುತ್ತಿದ್ದಾಳೆ, ಹಣ್ಣನ್ನು ಕಸದ ಬಕೆಟ್ಟಿಗೆ, ಮತ್ತೆ ಎಲೆ ಬಟ್ಟಲಿಗೆ, ಹಣ್ಣು ಬಕೆಟ್ಟಿಗೆ, ಹೇಳಬೇಕು, ಹೇಳಲಾರೆ, ಎಲೆ ಬಟ್ಟಲಿಗೆ, ಹಣ್ಣು ಬಕೆಟ್ಟಿಗೆ —