ಬಾಯಿಗೆ ಹಚ್ಚಿದ ಅರಿಶಿನ

ನಾನು ಒಂದು ಪಿ.ಸಿ.ಆರ್. ಯಂತ್ರ. ಕೊರೊನಾ ಬಂದ ಮೇಲೆ ನನ್ನ ಹೆಸರು ಊರಿಗೆಲ್ಲ ಗೊತ್ತಾಯಿತು. ಅದಕ್ಕೂ ಮುಂಚೆ ನನ್ನನ್ನು ಅನ್ನ ಮಾಡುವ ಕುಕ್ಕರ್ ಅಂದುಕೊಂಡವರೇ ಹೆಚ್ಚು. ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಅಲ್ಲಿಯವರು ಮುಖಕ್ಕೆ ಬಟ್ಟೆ ಕಟ್ಟಿ, ಕೈಗವಸು ಹಾಕಿಕೊಂಡು ನನ್ನನ್ನು ಜೋಡಿಸಿದರು. ಬರಿಗೈಯಲ್ಲಿ ಒಬ್ಬರೂ ಮುಟ್ಟಲಿಲ್ಲ. ನನ್ನ ಹೊಟ್ಟೆಯಲ್ಲಿ ಪಡ್ಡಿನ ಕಾವಲಿಯ ಹಾಗೆ ಸಾಲು ಕುಳಿಗಳಿವೆ, ಮುಚ್ಚಳದೊಳಗೆ ಒಂದು ಕಣ್ಣಿದೆ.

ನನ್ನ ಕೆಲಸ ಕಾಯುವುದು, ಆರುವುದು, ಮತ್ತೆ ಕಾಯುವುದು. ರೋಗಾಣುವಿನ ವಂಶವಾಹಿಯ ಒಂದು ಚೂರು ಸಿಕ್ಕರೆ ಸಾಕು, ಒಂದನ್ನು ಎರಡು, ಎರಡನ್ನು ನಾಲ್ಕು ಮಾಡುತ್ತಾ ಹೋಗುತ್ತೇನೆ. ಹುಡುಕುತ್ತಿದ್ದ ರೋಗಾಣು ಇದ್ದರೆ ಆ ಕೊಳವೆ ಬೆಳಗುತ್ತದೆ, ಇಲ್ಲದಿದ್ದರೆ ಕತ್ತಲು. ಇಷ್ಟೇ ನನ್ನ ವಿದ್ಯೆ.

ಮೊದಲು ನನ್ನನ್ನು ಕೊಂಡದ್ದು ರೇಷ್ಮೆಹುಳುವಿನ ರೋಗ ನೋಡುವ ಒಂದು ಪ್ರಯೋಗಾಲಯ. ಹುಳುಗಳ ಸೇವೆಯಲ್ಲಿ ನನ್ನ ಯೌವನ ಕಳೆಯಿತು. ಅವಕ್ಕೆ ಹೊಸ ಯಂತ್ರ ಬಂದಾಗ ನನ್ನನ್ನು ಹಳೇ ಕಂಬಳಿಯಲ್ಲಿ ಸುತ್ತಿ ಮೈಸೂರಿನ ಒಂದು ಆಸ್ಪತ್ರೆಗೆ ದಾನ ಕೊಟ್ಟರು. ಮದುವೆ ಮಾಡಿ ಕಳಿಸಿದಂತೆ ಅಂದುಕೊಂಡು ಸಮಾಧಾನ ಮಾಡಿಕೊಂಡೆ.

ಅಲ್ಲಿ ನನ್ನ ಒಡತಿ ಲ್ಯಾಬ್ ಟೆಕ್ನಿಷಿಯನ್ ಸರ್ವಮಂಗಳಾ. ನಮಗೆ ಮಾದರಿ ಕಳಿಸುತ್ತಿದ್ದವರು ಡಾಕ್ಟರ್ ತಸ್ನೀಮ್. ಅವರ ವಾರ್ಡಿನಲ್ಲಿ ಇದ್ದವರೆಲ್ಲ ಮೈಯ ಕಾವಲು ಶಕ್ತಿ ಕುಗ್ಗಿದವರು: ಬೇರೆಯವರ ಕಿಡ್ನಿ ಹಾಕಿಸಿಕೊಂಡವರು, ಕ್ಯಾನ್ಸರಿಗೆ ಔಷಧಿ ತೆಗೆದುಕೊಳ್ಳುತ್ತಿದ್ದವರು. ನಿಮ್ಮಂಥವರ ತಂಟೆಗೆ ಬಾರದ ಬಡಪಾಯಿ ಬೂಷ್ಟು ಕೂಡ ಅವರ ಶ್ವಾಸಕೋಶದಲ್ಲಿ ಮನೆ ಮಾಡುತ್ತದೆ. ನ್ಯುಮೋನಿಯಾ ಬಂದರೆ ಯಾವ ಕಳ್ಳ ಒಳಗೆ ನುಗ್ಗಿದನೆಂದು ಹೊರಗಿನಿಂದ ಹೇಳುವುದು ಕಷ್ಟ. ಒಂದೊಂದು ರೋಗಾಣುವಿಗೆ ಒಂದೊಂದು ಕೊಳವೆ ಇಟ್ಟು ಅದನ್ನು ನನ್ನ ಹತ್ತಿರ ಕೇಳುತ್ತಿದ್ದರು.

ಸರ್ವಮಂಗಳಾಗೆ ಒಂದು ಪದ್ಧತಿ. ರೋಗಿಯ ಕೊಳವೆಗಳ ಪಕ್ಕ ಬರೀ ನೀರಿನ ಕೊಳವೆಯೊಂದನ್ನು ಇಟ್ಟೇ ಇಡುತ್ತಿದ್ದಳು. ನೀರು ಬೆಳಗಬಾರದು. ಬೆಳಗಿದರೆ ಅವತ್ತಿನ ನನ್ನ ಮಾತನ್ನು ಯಾರೂ ನಂಬಬಾರದು. ನನಗೆ ಇದು ಅವಮಾನ ಎನಿಸುತ್ತಿತ್ತು. ಇಷ್ಟು ದುಡಿದ ನನಗೆ ಒಂದು ಹನಿ ನೀರು ಕಾವಲೇ ಎಂದು ಮುನಿಸಿಕೊಳ್ಳುತ್ತಿದ್ದೆ.

ಒಂದು ವರ್ಷ ಆಯುಧಪೂಜೆಗೆ ಸರ್ವಮಂಗಳಾ ನನಗೆ ಸೇವಂತಿಗೆ ಹಾರ ಹಾಕಿದಳು. ಮುಚ್ಚಳಕ್ಕೆ ಅರಿಶಿನ ಕುಂಕುಮ ಇಟ್ಟಳು. ಅಷ್ಟಕ್ಕೆ ಬಿಡಬಾರದೇ? ದುಡಿಯುವ ಜಾಗ ಒಳಗಿರುವುದಲ್ಲವೇ ಎಂದು ಮುಚ್ಚಳ ತೆಗೆದು, ಬಾಯಂಚಿಗೂ ಅರಿಶಿನ ಹಚ್ಚಿ ಕೈಮುಗಿದಳು. ಬರಿಗೈಯಲ್ಲಿ ಯಾರೂ ಮುಟ್ಟದ ನನಗೆ ಆ ಬೆರಳು ತಾಕಿ ಎದೆ ತುಂಬಿ ಬಂತು.

ಹಬ್ಬ ಮುಗಿದೊಡನೆ ಬಂದದ್ದು ಚಿಕ್ಕತಾಯಮ್ಮನ ಮಾದರಿ. ಚಾಮರಾಜನಗರದ ಕಡೆಯ ಹೆಂಗಸು. ಅವಳಿಗೆ ಕಿಡ್ನಿ ಕೊಟ್ಟವಳು ಅವಳ ನಾದಿನಿ ಮಾದೇವಮ್ಮ. ಅತ್ತಿಗೆ ನಾದಿನಿ ಎಂದರೆ ಹಾವು ಮುಂಗುಸಿ ಅನ್ನುವವರು ಇವರನ್ನು ನೋಡಿಲ್ಲ. ಜ್ವರ, ದಮ್ಮು ಹೆಚ್ಚಾಗಿ ಚಿಕ್ಕತಾಯಮ್ಮ ಆಮ್ಲಜನಕದ ಮೇಲಿದ್ದಳು. ಶ್ವಾಸಕೋಶಕ್ಕೆ ನೀರು ಬಿಟ್ಟು ತೊಳೆದು ತೆಗೆದ ಸ್ವಲ್ಪ ದ್ರವ ನನ್ನ ಬಳಿಗೆ ಬಂದಿತ್ತು. ಮಾದೇವಮ್ಮ ಲ್ಯಾಬಿನ ಬಾಗಿಲಲ್ಲೇ ಕೂತಿದ್ದಳು.

"ನಮ್ಮತ್ಗೆಗೆ ಏನಾಗದೆ ಅಂತ ನಿಮ್ ಮಿಸೀನು ಯೋಳ್ತಾ ಅವ್ವಾ? ನನ್ನೊಟ್ಟೇಲಿದ್ದುದ್ದ ತಗ್ದು ಅವಳೊಟ್ಟೇಲಿ ಇಟ್ಟವ್ರೆ. ಅದು ಹಾಳಾಗ್ಬಾರ್ದು ಕನವ್ವ."

ನಾನು ಕಾದೆ, ಆರಿದೆ, ಕಣ್ಣು ಬಿಟ್ಟು ನೋಡಿದೆ. ಕ್ಷಯದ ಕೊಳವೆ ಬೆಳಗುತ್ತಿತ್ತು. ಟಿ.ಬಿ. ಎಂದು ಹೆಮ್ಮೆಯಿಂದ ತೋರಿಸಿದೆ. ಸರ್ವಮಂಗಳಾ ಪರದೆ ನೋಡಿ ಡಾಕ್ಟರನ್ನು ಕರೆಸಿದಳು.

"ಮೇಡಂ, ನೀರೂ ಬೆಳಗ್ತಾ ಇದೆ."

ತಸ್ನೀಮ್ ಮುಖ ಸಣ್ಣದಾಯಿತು. "ಇದನ್ನ ನಂಬಿ ಟಿ.ಬಿ. ಮಾತ್ರೆ ಶುರು ಮಾಡಿದ್ರೆ ಕಿಡ್ನಿ ಕಾಯೋ ಔಷಧಿ ಬಲ ಇಳಿದುಹೋಗುತ್ತೆ. ಟಿ.ಬಿ. ಅಲ್ಲದೇ ಇದ್ರೆ ಕಿಡ್ನೀನೂ ಹೋಗುತ್ತೆ, ಆಕೇನೂ ಉಳಿಯಲ್ಲ."

ಸರ್ವಮಂಗಳಾ ಆ ಎರಡು ಕೊಳವೆ ಕೂತಿದ್ದ ಕುಳಿಗಳೊಳಗೆ ಹತ್ತಿ ಆಡಿಸಿ ತೆಗೆದಳು. ಹತ್ತಿ ಹಳದಿಯಾಗಿತ್ತು; ಬಾಯಂಚಿನ ಅರಿಶಿನ ಒಳಗೆ ಉದುರಿತ್ತು. ಅರಿಶಿನಕ್ಕೆ ತನ್ನದೇ ಹೊಳಪಿದೆ, ನನ್ನ ದಡ್ಡ ಕಣ್ಣು ಅದನ್ನೇ ರೋಗ ಎಂದುಕೊಂಡಿತ್ತು.

"ನಾನೇ ಹಚ್ಚಿದ್ದು ಮೇಡಂ," ಎಂದಳು.

"ಅವತ್ತು ಪಕ್ಕದಲ್ಲೇ ನಿಂತು ಕಡ್ಲೆಪುರಿ ತಿಂದೋಳು ನಾನು, ನಾನೂ ಬೇಡ ಅನ್ನಲಿಲ್ಲ. ಬಾ, ಒರೆಸೋಣ. ದ್ರವ ಇನ್ನೊಂದು ಸಲಕ್ಕೆ ಆಗುತ್ತಲ್ಲ?"

"ಆಗುತ್ತೆ. ಅದು ಬಿಟ್ರೆ ಇಲ್ಲ."

ಇಬ್ಬರೂ ಕೂತು ನನ್ನ ಒಂದೊಂದು ಕುಳಿಯನ್ನೂ ತೊಳೆದರು. ಖಾಲಿ ಓಡಿಸಿ ನೋಡಿದರು, ಎಲ್ಲ ಕತ್ತಲು. ಆಮೇಲೆ ಉಳಿದ ದ್ರವ ಇಟ್ಟರು. ದೇವರನ್ನು ಬೇಡಿಕೊಳ್ಳುವುದು ಯಂತ್ರಕ್ಕೆ ಗೊತ್ತಿಲ್ಲ, ಆದರೂ ಅವತ್ತು ಬೇಡಿಕೊಂಡೆ. ನೀರು ಕತ್ತಲಾಗಿಯೇ ಉಳಿಯಿತು. ಕ್ಷಯದ ಕೊಳವೆಯೂ ಕತ್ತಲು. ಬೂಷ್ಟಿನ ಜಾತಿಯ ನ್ಯೂಮೊಸಿಸ್ಟಿಸ್ ಎಂಬುದರ ಕೊಳವೆ ಮಾತ್ರ, ಮೊದಲ ಸಲ ಅರಿಶಿನದ ಹೊಳಪಿನಲ್ಲಿ ಮರೆಯಾಗಿದ್ದದ್ದು, ಮೆಲ್ಲಗೆ ಬೆಳಗಿತು. ಅದಕ್ಕೆ ಹಳೇ ಸಲ್ಫಾ ಔಷಧಿ ಸಾಕಿತ್ತು. ತಸ್ನೀಮ್ ವಾರ್ಡಿಗೆ ಓಡಿದರು.

ಚಿಕ್ಕತಾಯಮ್ಮ ನಡೆದುಕೊಂಡು ಮನೆಗೆ ಹೋದಳು. ನಾದಿನಿ ಕೊಟ್ಟ ಕಿಡ್ನಿಯೂ ಉಳಿಯಿತು. ಅಂದಿನಿಂದ ಆ ಹನಿ ನೀರಿನ ಮೇಲೆ ನನಗೆ ಮುನಿಸಿಲ್ಲ. ನಾನು ತಪ್ಪಿದ್ದೇನೆಂದು ಹೇಳುವವರು ಪಕ್ಕದಲ್ಲಿದ್ದದ್ದು ನನ್ನ ಪುಣ್ಯ. ಆಮೇಲಿನ ಹಬ್ಬಗಳಲ್ಲಿ ಸರ್ವಮಂಗಳಾ ಮೇಜಿನ ಕಾಲಿಗೆ ಕುಂಕುಮ ಇಟ್ಟು, ನನಗೆ ದೂರದಿಂದಲೇ ಕೈಮುಗಿಯುತ್ತಿದ್ದಳು. ನಾನು ಆ ಬೆರಳನ್ನು ನೆನೆಯುತ್ತಿದ್ದೆ.

ಈಗ ನನ್ನ ಕಣ್ಣು ಮಂಜಾಗಿದೆ. ನನ್ನ ಜಾಗಕ್ಕೆ ಬಂದಿರುವ ಯಂತ್ರ, ಸಿಕ್ಕಿದ ವಂಶವಾಹಿಯನ್ನೆಲ್ಲ ಓದಿ ಯಾವ ರೋಗಾಣು ಎಂದು ತಾನೇ ಹೇಳುತ್ತದಂತೆ. ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾದೀತು. ಅದರ ಪಕ್ಕದಲ್ಲೂ ಬರೀ ನೀರು ಇಡುತ್ತಾರೆ ಎಂದು ಕೇಳಿ ನೆಮ್ಮದಿಯಾಯಿತು. ನಾನು ಕೆಲಸವಿಲ್ಲದೆ ಕಿಟಕಿಯ ಕೆಳಗೆ ಮೂಲೆಯಲ್ಲಿದ್ದೇನೆ.

ಈ ವರ್ಷ ಆಯುಧಪೂಜೆಯ ಹೊತ್ತಿಗೆ ಅತ್ತಿಗೆ ನಾದಿನಿ ತಪಾಸಣೆಗೆ ಬಂದಿದ್ದರು. ಮುಖಕ್ಕೆ ಮಾಸ್ಕು ಕಟ್ಟಿದ್ದ ಚಿಕ್ಕತಾಯಮ್ಮ ನನ್ನ ಮುಂದೆ ನಿಂತು ಅರಿಶಿನದ ಬಟ್ಟಲು ಕೈಗೆ ತೆಗೆದುಕೊಂಡಳು.

"ಇದೇ ಅಲ್ವಾ ಅವತ್ತು ನಂಗೆ ಏನಾಗದೆ ಅಂತ ಯೋಳಿದ್ದು? ಬಾಯ್ಗೂ ಒಸಿ ಹಚ್ಲಾ ಸರ್ವಮಂಗಳವ್ವ?"

ಸರ್ವಮಂಗಳಾ ತಾನೇ ಬಂದು ನನ್ನ ಮುಚ್ಚಳ ಎತ್ತಿ ಹಿಡಿದಳು.

"ಹಚ್ಚಿ ಅಮ್ಮ. ಇನ್ನು ಪರವಾಗಿಲ್ಲ."

ಚಿಕ್ಕತಾಯಮ್ಮ ಬೆರಳು ಅದ್ದಿ ಹಚ್ಚಿದಳು. ಪುಡಿ ಕುಳಿಗಳೊಳಗೆ ಉದುರಿತು. ಯಾರೂ ಒರೆಸಲಿಲ್ಲ.