ತೂಕಕ್ಕೆ ನಿಂತ ಮನುಷ್ಯ

ಮುಂಗಾರಿಗೆ ಮೊದಲಿನ ಗಾಳಿ ಬೀಸಿತೆಂದರೆ ಬೆಂಗಳೂರಿನಲ್ಲಿ ಮರಗಳು ಬೀಳುತ್ತವೆ. ಬುಡದ ಸುತ್ತ ಸಿಮೆಂಟು ಸುರಿದು, ಕೇಬಲ್ಲಿಗೆಂದು ಅಗೆದು ಬೇರು ಕಡಿದು, ಆಮೇಲೆ ಮರ ಯಾಕೆ ಬಿತ್ತು ಎಂದು ಕೇಳುವ ಊರು ಇದು. ಬಿದ್ದ ಮೇಲೆ ಎಲ್ಲರಿಗೂ ಅವಸರ. ಗೇಟು ತೆರೆಯಬೇಕು, ಕಾರು ಹೊರಡಬೇಕು. ಆ ಅವಸರ ತೀರಿಸುವವರು ಮಾದನಾಯಕನಹಳ್ಳಿಯ ಬಾಡಿಗೆ ರೂಮುಗಳಲ್ಲಿ ಫೋನಿಗೆ ಕಾಯುತ್ತಾ ಮಲಗಿರುತ್ತಾರೆ.

ಕುಷ್ಟಗಿ ಕಡೆಯ ಸೋಮಪ್ಪ ಅಂಥವರಲ್ಲೊಬ್ಬ. ಗುತ್ತಿಗೆದಾರ ಪಾಪಯ್ಯನ ಮರಿ ಲೋಡರ್ ಓಡಿಸುವುದು ಅವನ ಕೆಲಸ. ಕಿರಿದಾದ ಗಲ್ಲಿಯಲ್ಲೂ ನುಗ್ಗುವ ಪುಟ್ಟ ಯಂತ್ರ ಅದು. ಮುಂಭಾಗದಲ್ಲಿ ವಿಂಚ್, ಅಂದರೆ ಉಕ್ಕಿನ ರೋಪು ಸುತ್ತಿಕೊಂಡ ಉರುಳೆ. ದಿಮ್ಮಿಗೆ ಕೊಕ್ಕೆ ಸಿಕ್ಕಿಸಿ ಗುಂಡಿ ಒತ್ತಿದರೆ ಉರುಳೆ ರೋಪನ್ನು ಸುತ್ತಿಕೊಳ್ಳುತ್ತಾ ದಿಮ್ಮಿಯನ್ನು ದರದರನೆ ಎಳೆದು ತರುತ್ತದೆ. ಹತ್ತು ಆಳಿನ ಕೆಲಸವನ್ನು ಅದೊಂದೇ ಮಾಡುತ್ತಿತ್ತು. ಸೋಮಪ್ಪನಿಗೆ ಅದರ ಮೇಲೆ ಹೆಮ್ಮೆ.

ಅವನ ಜೊತೆಗಾರರು ಇಬ್ಬರು. ಹೆಂಡತಿ ಶೇಖವ್ವನ ತಮ್ಮ ಯಮನೂರ, ಪಕ್ಕದ ರೂಮಿನ ಯಂಕಪ್ಪ. ಯಂಕಪ್ಪ ಗಟ್ಟಿಮುಟ್ಟಾದ ದೊಡ್ಡಾಳು. ದಿಮ್ಮಿ ತೀರಾ ಭಾರವಾದರೆ ಲೋಡರಿನ ಮೂತಿ ನೆಲಕ್ಕೆ ಕುಸಿದು ಹಿಂಭಾಗ ಮೇಲೇಳುತ್ತಿತ್ತು. ಆಗ ಸೋಮಪ್ಪ ‘ಏ ಯಂಕಪ್ಪ, ತೂಕ’ ಎನ್ನುತ್ತಿದ್ದ. ಯಂಕಪ್ಪ ಹಿಂದಿನ ಬಂಪರಿನ ಮೇಲೆ ಹತ್ತಿ ನಿಲ್ಲುತ್ತಿದ್ದ. ಎದ್ದ ಯಂತ್ರ ಕೂರುತ್ತಿತ್ತು, ಕೆಲಸ ಸಾಗುತ್ತಿತ್ತು. ಬೇರೆ ತಂಡದವರೂ ಹೀಗೇ ಮಾಡುತ್ತಿದ್ದರು. ಹಾಗಾಗಿ ಅದು ಸರಿಯೆಂದೇ ಎಲ್ಲರೂ ತಿಳಿದಿದ್ದರು.

ಸಾಗಿಸುವುದೂ ಅದೇ ಬಗೆ. ಟೆಂಪೋಗೆ ಎರಡು ಹಲಗೆ ಒರಗಿಸಿ ಲೋಡರ್ ಹತ್ತಿಸುವುದು. ಅದರದೇ ವಿಂಚಿನ ಕೊಕ್ಕೆಯನ್ನು ಕ್ಯಾಬಿನ್ನಿನ ಹಿಂದಿನ ಪೈಪಿಗೆ ಸಿಕ್ಕಿಸಿ ರೋಪು ಬಿಗಿಯುವುದು. ಹಿಂದಿನ ಚಕ್ರಕ್ಕೆ ಒಂದು ಮರದ ತುಂಡು ಅಡ್ಡ ಇಟ್ಟು, ಅದು ಜಾರದಂತೆ ಯಂಕಪ್ಪ ಟೆಂಪೋದ ಹಿಂಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಕಾಲಿನಿಂದ ಒತ್ತಿ ಹಿಡಿಯುವುದು. ಚೈನು ಇರಲಿಲ್ಲವೇ? ಇತ್ತು. ಪಾಪಯ್ಯನ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿತ್ತು. ಚೈನು ಬಿಗಿಯುತ್ತಾ ಕೂತರೆ ಹೊತ್ತಾಗುತ್ತದೆ ಎಂದು ಅವನು ಅದನ್ನು ಹೊರಗೇ ತೆಗೆಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ತುಮಕೂರು ರಸ್ತೆಯ ಫ್ಲೈಓವರ್ ಏರುವಾಗ ವಿಂಚ್ ಜಾರಿತು. ಟೆಂಪೋ ಓಡಿಸುತ್ತಿದ್ದ ಸೋಮಪ್ಪನಿಗೆ ಹಿಂದೆ ಗರಗರ ಸದ್ದು ಕೇಳಿತು, ಆಮೇಲೆ ಯಮನೂರನ ಕೂಗು. ಟೆಂಪೋ ನಿಲ್ಲಿಸಿ ಇಳಿದು ಓಡಿದಾಗ ಲೋಡರ್ ಹಿಂಬಾಗಿಲಿಗೆ ಆತು ನಿಂತಿತ್ತು. ನಡುವೆ ಯಂಕಪ್ಪ ಇದ್ದ. ಟೆಂಪೋದ ಪಕ್ಕದ ಅಂಚಿನ ಮೇಲೆ ಕೂತಿದ್ದ ಯಮನೂರ ಪಕ್ಕಕ್ಕೆ ಹಾರಿ ಉಳಿದಿದ್ದ.

ಆಸ್ಪತ್ರೆಯಲ್ಲಿ ಯಂಕಪ್ಪನ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು.

ಆ ವಾರ ಕಳೆಯುವ ಮೊದಲೇ ಪಾಪಯ್ಯ ವಠಾರಕ್ಕೆ ಬಂದ. ಬೈಕಿನಿಂದ ಇಳಿಯಲೂ ಇಲ್ಲ.

“ಏನ್ ಸೋಮಪ್ಪ, ಹೂಡಿಯಿಂದ ಫೋನ್ ಮೇಲೆ ಫೋನು ಕಣೋ. ಅಪಾರ್ಟ್‌ಮೆಂಟ್ ಗೇಟಿಗೇ ದೊಡ್ಡ ಮರ ಬಿದ್ದಿದೆ. ನಾಳೆ ಬೆಳಿಗ್ಗೆ ಹೊರಟ್ಬಿಡೋಣ.”

“ಯಂಕಪ್ಪ ಇಲ್ಲಲ್ರೀ,” ಎಂದ ಸೋಮಪ್ಪ.

“ನಿನ್ ಬಾಮೈದ ಇದಾನಲ್ಲ. ಅವನೇನ್ ಕಮ್ಮಿ ತೂಕಾನಾ? ಊಟ ಚೆನ್ನಾಗೇ ಬಾರಿಸ್ತಾನೆ.”

ಪಾಪಯ್ಯ ನಕ್ಕ. ಸೋಮಪ್ಪನೂ ನಕ್ಕ, ಮಾಲೀಕ ನಕ್ಕಾಗ ನಗುವ ಹಾಗೆ. ನಲ್ಲಿಯ ಹತ್ತಿರ ಪಾತ್ರೆ ತಿಕ್ಕುತ್ತಿದ್ದ ಶೇಖವ್ವನ ಕೈ ನಿಂತಿತು. ಬೈಕು ತಿರುವು ದಾಟಿದ ಮೇಲೆ ಅವಳು ಎದ್ದು ಬಂದಳು.

“ಏನ್ರೀ, ನನ್ನ ತಮ್ಮನ್ನ ಯಂಕಪ್ಪನ ಜಾಗಕ್ಕ ಕುಂದರಸ್ತೀರಿ?”

“ಮತ್ತ ಯಾರನ್ನ ಕುಂದರಸ್ಲಿ? ಕೆಲಸ ಬಿಟ್ಟು ಕುಂತ್ರ ರೂಮಿನ ಬಾಡಿಗಿ ನಿಮ್ಮವ್ವ ಕಟ್ತಾಳೇನು?”

“ನಮ್ಮವ್ವ ಇವನ್ನ ನನ್ನ ಕೈಯಾಗ ಕೊಟ್ಟು ಕಳಸ್ಯಾಳ. ಕಾಲು ಎರಡೂ ಇದ್ದಾಗ ಕಳಸ್ಯಾಳ.”

ಎದುರು ರೂಮಿನ ನೀಲಾಂಬಿಕಾ ಡ್ಯೂಟಿ ಮುಗಿಸಿ ಅದೇ ತಾನೆ ಬಂದಿದ್ದಳು. ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಯಂತ್ರಗಳನ್ನು ಲಾರಿಗೆ ಕಟ್ಟಿ ಕಳಿಸುವ ವಿಭಾಗದಲ್ಲಿ ಅವಳ ಕೆಲಸ. ಅದಕ್ಕೆಂದೇ ಅಲ್ಲಿ ಅವಳಿಗೆ ತರಬೇತಿ ಕೊಟ್ಟಿದ್ದರು. ಚಪ್ಪಲಿ ಬಿಡುತ್ತಲೇ ಮಾತಿಗೆ ಸೇರಿದಳು.

“ಸೋಮಣ್ಣ, ಆವತ್ತು ಲೋಡರ್ ಹೆಂಗ ಕಟ್ಟಿದ್ರಿ?”

“ವಿಂಚ್‌ನಿಂದ. ಯಾವಾಗ್ಲೂ ಹಂಗ ಕಟ್ಟೋದು. ಇಷ್ಟು ದಿನ ಏನೂ ಆಗಿದ್ದಿಲ್ಲ ಯಕ್ಕಾ. ಹಣೇಬರಹ ಅಷ್ಟ.”

“ಹಣೇಬರಹ ಬಂದು ಕೊಕ್ಕಿ ಹಾಕ್ತೇನು?”

“ನಾ ಹಾಕಿದ್ದು. ಏನೀಗ?” ಸೋಮಪ್ಪನ ದನಿ ಏರಿತು.

“ನಿನ್ನ ಬೈಯಾಕ ಬಂದಿಲ್ಲ ತಗಿ. ವಿಂಚ್ ಮಾಡಿರೋದು ಎಳಿಯಾಕ. ದಾರಿತುಂಬ ಹಿಡ್ಕೊಂಡು ಕುಂದ್ರಾಕ ಅಲ್ಲ. ಗಾಡಿ ಕುಲುಕಿದಂಗೆಲ್ಲ ಅದರ ಬ್ರೇಕ್ ಸಡ್ಲ ಆಗ್ತದ. ಒಂದ ರೋಪು, ಅದೂ ಮುಂದಿನಿಂದ ಅಷ್ಟ. ಏರು ಬಂತಂದ್ರ ಯಂತ್ರದ ಭಾರ ಎಲ್ಲಾ ಹಿಂದಕ್ಕ. ನಮ್ಮಲ್ಲಿ ನಾಲ್ಕು ಮೂಲಿಗೂ ಚೈನು ಎಳದು ಬಿಗೀಲಾರದ ಲಾರಿ ಗೇಟು ದಾಟಂಗಿಲ್ಲ. ಯಂತ್ರದ ಜೋಡಿ ಹಿಂದ ಮನುಷ್ಯ ಕುಂತ್ರ ಡ್ರೈವರ್‌ನ ಕೆಲಸಾನ ಹೋಗ್ತದ.”

ಯಮನೂರ ಬಾಗಿಲಿಗೆ ಒರಗಿ ಕೇಳುತ್ತಿದ್ದ. “ಅದು ಬಿಡು ಯಕ್ಕಾ. ಎಳಿಯಾಗ ಹಿಂದ ನಿಂತ್ರ ಏನಾಗ್ತದ? ರೋಪು ಇರೋದು ಮುಂದ.”

“ಹಿಂದ ಎದ್ದಿತು ಅಂದ್ರ ಯಂತ್ರ ಹೇಳಾಕತ್ತೇತಿ ಅಂತ ತಿಳಿ, ಇದು ನನ್ನ ಕೈಲಾಗಂಗಿಲ್ಲ ಅಂತ. ಅದರ ಬಾಯಿ ಮುಚ್ಚಾಕ ನಿನ್ನ ಹತ್ತಸ್ತಾರ. ಕೊಕ್ಕಿ ಜಾರ್ತು ಅನ್ನು, ರೋಪು ಹರೀತು ಅನ್ನು. ಎದ್ದ ಯಂತ್ರ ದಪ್ಪಂತ ಕುಕ್ಕರಸ್ತದ. ನೀ ನೆಲಕ್ಕ ಬೀಳ್ತಿ. ಮ್ಯಾಲೆ ಅದು ಬರ್ತದ. ಇನ್ನ ಹರದ ರೋಪು ಹೊಳ್ಳಿ ಬೀಸಿ ಯಾರ ಮುಖಕ್ಕ ಹೊಡೀತದ, ದೇವರಿಗೂ ಗೊತ್ತಿಲ್ಲ.”

ಸೋಮಪ್ಪ ಎದ್ದ. “ಫ್ಯಾಕ್ಟರ್ಯಾಗ ನಡೀತದಕ್ಕಾ ಇದೆಲ್ಲ. ಇಲ್ಲಿರೋನು ಪಾಪಯ್ಯ.”

ಸಂಜೆ ಅವನು ಯಮನೂರನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ. ಶೇಖವ್ವ ರೊಟ್ಟಿ ಕಟ್ಟಿ ಕೊಟ್ಟಿದ್ದಳು. ಊರಿನಿಂದ ಬಂದಿದ್ದ ಯಂಕಪ್ಪನ ಹೆಂಡತಿ ಬಸಕ್ಕ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದಳು. ಗಂಟು ಇಸಿದುಕೊಂಡಳು, ಮುಖ ನೋಡಲಿಲ್ಲ.

ಯಂಕಪ್ಪ ಎಚ್ಚರವಾಗಿದ್ದ.

“ಬಾರಲೇ ಯಮನೂರ. ಇನ್ನ ತೂಕ ನೀನಂತಲ್ಲ?”

“ಯಾರ್ ಹೇಳಿದ್ರು?” ಎಂದ ಸೋಮಪ್ಪ.

“ಪಾಪಯ್ಯ ಬಂದಿದ್ದ, ಮೋಸಂಬಿ ತಗೊಂಡು. ಹೊಂಟಾಗ ಬಾಗಿಲ್ದಾಗ ನಿಂತು ಕೇಳಿದ, ಯಮನೂರ ನಿನ್ನಷ್ಟು ತೂಗ್ತಾನೇನೋ ಅಂತ.” ಯಂಕಪ್ಪ ಹೊದಿಕೆಯನ್ನು ಸರಿಮಾಡಿಕೊಂಡ. ಬಲಗಡೆ ಅದು ಚಪ್ಪಟೆಯಾಗಿ ಹಾಸಿಗೆಗೆ ಅಂಟಿತ್ತು. “ನಾ ಅಂದೆ, ಈಗ ನನಗಿಂತ ಅವನ ಜಾಸ್ತಿ ಬಿಡ್ರಿ ಅಂತ.”

ಸೋಮಪ್ಪ ನೀರಿನ ಬಾಟಲಿಯನ್ನು ಎತ್ತಿ, ಮತ್ತೆ ಅಲ್ಲೇ ಇಟ್ಟ.

“ಸೋಮಣ್ಣ, ನಿನಗೊಂದು ಹೇಳ್ಬೇಕು,” ಎಂದ ಯಂಕಪ್ಪ. “ಆ ಕಟ್ಟಿಗಿ ತುಂಡು ಒಮ್ಮೆಲೆ ಜಾರ್ಲಿಲ್ಲ. ಸಾವಕಾಶ ಜಾರ್ತಿತ್ತು. ನನಗ ಗೊತ್ತಾತು. ಕಾಲು ತಕ್ಕೊಂಡು ಅಂಚಿಗೆ ಸರೀಬೌದಿತ್ತು.”

“ಮತ್ತ ಯಾಕ ಸರೀಲಿಲ್ಲೋ?”

“ಸರದ್ರ ಲೋಡರ್ ರೋಡಿಗೆ ಬೀಳ್ತದ, ಪಾಪಯ್ಯ ಬೈತಾನ ಅಂದ್ಕೊಂಡೆ. ಅದಕ್ಕ ಇನ್ನಾ ಗಟ್ಟಿ ಒತ್ತಿ ಹಿಡದೆ.”

ಮನೆಗೆ ಬರುವ ಬಸ್ಸಿನಲ್ಲಿ ಸೋಮಪ್ಪ ಅದನ್ನೇ ಯೋಚಿಸಿದ. ಯಂತ್ರ ಬಿದ್ದರೆ ರಿಪೇರಿ ಮಾಡುತ್ತಾರೆ. ಬಾಗಿದ್ದನ್ನು ನೆಟ್ಟಗೆ ಮಾಡಿ ಬಣ್ಣ ಹೊಡೆಯುತ್ತಾರೆ. ಆ ಯಂತ್ರವನ್ನು ಉಳಿಸಲು ಒಬ್ಬ ಮನುಷ್ಯ ಕಾಲು ಒಡ್ಡಿದ್ದ. ಹಾಗೆ ಒಡ್ಡುವುದೇ ಕೆಲಸ ಎಂದು ಅವನಿಗೆ ದಿನವೂ ಕಲಿಸಿದವರು ಯಾರು? ಬಸ್ಸಿನ ಕಂಬಿ ಹಿಡಿದು ನಿಂತಿದ್ದ ಯಮನೂರನ ಕಾಲುಗಳನ್ನು ಸೋಮಪ್ಪ ನೋಡಿದ. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದ. ವಠಾರಕ್ಕೆ ಬಂದವನೇ ನೀಲಾಂಬಿಕಾಳ ಬಾಗಿಲು ತಟ್ಟಿದ.

“ಯಕ್ಕಾ, ಮುಂಜಾನಿ ಶೆಡ್ಡಿಗೆ ಬಾ. ಆ ಚೈನು ಹೆಂಗ ಕಟ್ಟೋದು ತೋರ್ಸು.”

ಬೆಳಿಗ್ಗೆ ಶೆಡ್ಡಿಗೆ ನಾಲ್ವರೂ ಹೋದರು. ಶೇಖವ್ವ ತಮ್ಮನ ತೋಳು ಬಿಟ್ಟಿರಲಿಲ್ಲ. ಸೋಮಪ್ಪ ಲೋಡರಿನ ಕೀ ಜೇಬಿನಲ್ಲಿಟ್ಟುಕೊಂಡು, ಚೈನು ಬಿಗಿಯದೆ ಗಾಡಿ ಹೊರಡುವುದಿಲ್ಲ ಎಂದ.

“ಲೇಟಾಗುತ್ತೆ ಗುರು,” ಎಂದ ಪಾಪಯ್ಯ. “ನಿಂಗಾಗಲ್ಲ ಅಂದ್ರೆ ಹೇಳು, ಬೇರೆ ಡ್ರೈವರ್‌ನ ಕರೀತೀನಿ.”

“ಕರೀರಿ. ಅವರಿಗೂ ಯಂಕಪ್ಪಂದು ಹೇಳ್ತೀನಿ.”

“ಏನೋ, ಹೆದರಿಸ್ತೀಯಾ?”

ಶೇಖವ್ವ ಮುಂದೆ ಬಂದಳು. “ಆಸ್ಪತ್ರಿಗೆ ಪೊಲೀಸ್ರು ಬರ್ತಾರಂತ, ಹೇಳಿಕೆ ಬರ್ಕೊಳ್ಳಾಕ. ಲೋಡರ್ ಹೆಂಗ ಕಟ್ಟಿತ್ತು ಅಂತ ಕೇಳ್ತಾರ. ನಾಳೆ ನನ್ನ ತಮ್ಮಂದೂ ಬರ್ಕೊಳ್ಳಾಕ ಬರ್ಲೇನು?”

ಪಾಪಯ್ಯ ಚೈನಿದ್ದ ಮೂಲೆಗೆ ನಡೆದ. ಅವನಿಗೆ ಕರುಣೆ ಹುಟ್ಟಿತೆಂದು ಯಾರೂ ತಿಳಿಯಬೇಡಿ. ಹೆದರಿದ, ಅಷ್ಟೆ. ಹೆದರಿಯಾದರೂ ಚೈನು ಹೊರಬಂತು.

“ಈ ಲೋಡರ್ ತೂಕ ಎಷ್ಟ್ರೀ? ಟೆಂಪೋ ಎಷ್ಟು ಹೊರ್ತದ?” ಎಂದು ನೀಲಾಂಬಿಕಾ ಕೇಳಿದಳು. ಪಾಪಯ್ಯನಿಗೆ ಗೊತ್ತಿರಲಿಲ್ಲ. ಯಂತ್ರದ ಮೇಲಿನ ತಗಡನ್ನು ಒರೆಸಿ ಓದಿದರೆ, ಅದು ಆ ಟೆಂಪೋ ಹೊರಬಹುದಾದ್ದಕ್ಕಿಂತ ಹೆಚ್ಚು ಭಾರ. ದೊಡ್ಡ ಗಾಡಿ ತರಿಸಬೇಕಾಯಿತು. ಹಲಗೆಯ ಬದಲು, ಗಾಡಿಗೆ ಕಚ್ಚಿಕೊಳ್ಳುವ ಕಬ್ಬಿಣದ ರ‍್ಯಾಂಪು ಬಂತು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಸೋಮಪ್ಪ ನಿಧಾನವಾಗಿ ನೇರಕ್ಕೆ ಹತ್ತಿಸಿದ. ಅಕ್ಕಪಕ್ಕ ಯಾರೂ ನಿಲ್ಲದಂತೆ ಶೇಖವ್ವ ನೋಡಿಕೊಂಡಳು. ಲೋಡರಿನ ಮಣ್ಣೆತ್ತುವ ಬಕೆಟ್ಟನ್ನು ಪೂರ್ತಿ ಕೆಳಗಿಳಿಸಿ, ಬ್ರೇಕ್ ಹಾಕಿ, ಎಂಜಿನ್ ಆರಿಸಿ, ನಾಲ್ಕೂ ಮೂಲೆಗೆ ಚೈನು ಎಳೆದು ಬಿಗಿದರು. ವಿಂಚಿನ ಕೊಕ್ಕೆ ಅದರ ಜಾಗಕ್ಕೇ ಹೋಯಿತು. “ಸ್ವಲ್ಪ ದೂರ ಹೋದ ಮ್ಯಾಲೆ ನಿಲ್ಸಿ ಇನ್ನೊಮ್ಮೆ ಕೈ ಹಾಕಿ ನೋಡು, ಸಡ್ಲ ಆಗಿರ್ತದ,” ಎಂದಳು ನೀಲಾಂಬಿಕಾ. ನೋಡಿದ. ಒಂದು ಸಡಿಲವಾಗಿತ್ತು. ಬಿಗಿದ. ಯಮನೂರ ಮೆಟ್ರೋ ಹತ್ತಿ ಹೂಡಿಗೆ ಬಂದ.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಜನ ಸೇರಿದ್ದರು. ನಿವಾಸಿಗಳ ಸಂಘದ ಗುರುರಾಜ್ ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೇರಿಸಿ ನಿಂತಿದ್ದ.

“ಇನ್ನೂ ಎಷ್ಟ್ ಹೊತ್ತಪ್ಪಾ? ಎಂಟಕ್ಕೇ ಬರ್ತೀವಿ ಅಂದಿದ್ರಿ.”

“ನೀವೆಲ್ಲಾ ಆ ಗೋಡಿ ಆಚೆ ಹೋಗ್ರಿ ಸಾರ್. ಆಮೇಲೆ ಶುರು ಮಾಡ್ತೀನಿ.”

“ನಾವು ದೂರಾನೇ ಇದೀವಲ್ಲ.”

“ರೋಪು ಎಷ್ಟು ಉದ್ದ ಐತಿ, ಅಷ್ಟು ದೂರಕ್ಕಿಂತ ಜಾಸ್ತಿ ಹೋಗ್ರಿ.”

ಗೊಣಗುತ್ತಾ ಹೋದರು. ಸೋಮಪ್ಪ ಕೈಗವಸು ಹಾಕಿಕೊಂಡು ರೋಪನ್ನು ಬಿಚ್ಚಿ ಎಳೆ ಕಿತ್ತಿದೆಯೇ ಎಂದು ನೋಡಿದ. ರೋಪು ಬುಡದಿಂದ ಕಿತ್ತು ಬರದಂತೆ ಉರುಳೆಯ ಮೇಲೆ ಕೆಲವು ಸುತ್ತು ಉಳಿಸಿದ. ದಿಮ್ಮಿಗೆ ಪಟ್ಟಿ ಸುತ್ತಿ ಅದಕ್ಕೆ ಕೊಕ್ಕೆ ಹಾಕಿದ. ರೋಪಿನ ನಡುವೆ ಒದ್ದೆ ಗೋಣಿಚೀಲ ಹೊದಿಸಿದ, ಹರಿದರೂ ಅದರ ಬೀಸು ಕುಗ್ಗಲೆಂದು. ಗುಂಡಿ ಒತ್ತಿದ. ರೋಪು ಬಿಗಿಯಿತು. ದಿಮ್ಮಿ ಕದಲಲಿಲ್ಲ. ಲೋಡರಿನ ಹಿಂಭಾಗ ಮೆಲ್ಲಗೆ ಎದ್ದಿತು.

“ಏಯ್ ಯಮನೂರ, ಹತ್ತೋ,” ಎಂದ ಪಾಪಯ್ಯ.

ಯಮನೂರ ಎರಡು ಹೆಜ್ಜೆ ಇಟ್ಟೇಬಿಟ್ಟ. ಕಾಲಿಗೆ ರೂಢಿಯಾಗಿತ್ತು. ಸೋಮಪ್ಪ ರೋಪು ಸಡಿಲಿಸಿ ಎಂಜಿನ್ ಆರಿಸಿದ.

“ಅಲ್ಲೇ ನಿಂದ್ರಲೇ. ದಿಮ್ಮಿ ತುಂಡ್ ಮಾಡೂಣು.”

“ಅರ್ಧ ದಿನ ಹೋಗುತ್ತೆ ಕಣೋ,” ಎಂದ ಪಾಪಯ್ಯ.

“ಹೋಗ್ಲಿ.”

ಗರಗಸ ಹಿಡಿದು ದಿಮ್ಮಿಯನ್ನು ತುಂಡು ಮಾಡಿದರು. ಪ್ರತಿ ತುಂಡೂ ಲೋಡರಿನ ಹಿಂಭಾಗ ಏಳದೆ ಬಂತು. ಗೇಟು ತೆರೆದಾಗ ಮಧ್ಯಾಹ್ನ ದಾಟಿತ್ತು. ಗುರುರಾಜ್ ಆಗಲೇ ಆಟೋ ಹತ್ತಿ ಹೋಗಿದ್ದ. ಆ ದಿನ ಯಾರಿಗೂ ಏನೂ ಆಗಲಿಲ್ಲ.

ಯಂಕಪ್ಪ ಈಗ ಊರಿನಲ್ಲಿದ್ದಾನೆ. ಬಸಕ್ಕ ಕೂಲಿಗೆ ಹೋಗುತ್ತಾಳೆ. ಅವನ ರೂಮಿಗೆ ಬೇರೆಯವರು ಬಂದಿದ್ದಾರೆ.

ಲೋಡರ್ ಓಡಿಸುವ ಅಣ್ಣತಮ್ಮಂದಿರೇ, ಹಿಂಭಾಗ ಎದ್ದರೆ ದಿಮ್ಮಿ ಕತ್ತರಿಸಿ, ಮನುಷ್ಯನನ್ನು ಹತ್ತಿಸಬೇಡಿ. ವಿಂಚಿನಿಂದ ಲೋಡರ್ ಕಟ್ಟಬೇಡಿ. ಅದರ ಜೊತೆ ಗಾಡಿಯ ಹಿಂದೆ ಕೂರಬೇಡಿ. ಅದು ಜಾರಿದರೆ ಜಾರಲಿ, ಬಿದ್ದರೆ ಬೀಳಲಿ, ನೀವು ಕಾಲು ತೆಗೆಯಿರಿ. ಮಾಲೀಕರೇ, ಶೆಡ್ಡಿನಲ್ಲಿರುವ ಚೈನು ಇವತ್ತೇ ಹೊರಗೆ ತೆಗೆಯಿರಿ. ಆಸ್ಪತ್ರೆಗೆ ಮೋಸಂಬಿ ತರುವುದು ಆಮೇಲೆ ನೋಡೋಣ. ಮನೆಯ ಹೆಣ್ಣುಮಕ್ಕಳೇ, ಲೋಡರನ್ನು ಹೇಗೆ ಕಟ್ಟಿದ್ದಾರೆ, ಹಿಂದೆ ಯಾರು ಕೂರುತ್ತಾರೆ ಎಂದು ಕೇಳಿ. ಉತ್ತರ ಸರಿಯಿಲ್ಲದಿದ್ದರೆ ಹೊಸಿಲು ದಾಟಲು ಬಿಡಬೇಡಿ.

ಗೇಟಿನಲ್ಲಿ ನಿಂತು ಗಡಿಯಾರ ನೋಡುವವರೇ, ನಿಮಗೂ ಒಂದು ಮಾತು. ಬಿದ್ದ ಮರ ಎಲ್ಲಿಗೂ ಎದ್ದು ಹೋಗುವುದಿಲ್ಲ. ಕಾಯಿರಿ.