ನೀರು ತಿಳಿಯಾಗುವ ತನಕ

ಕೆಟ್ಟ ಸುದ್ದಿ ಹೇಳುವುದೆಂದರೆ ನಮ್ಮ ಅಣ್ಣನಿಗೆ ಎಲ್ಲಿಲ್ಲದ ಹುರುಪು. ಆ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಹಿತ್ತಲ ಬಾಗಿಲಿಗೆ ಒರಗಿ ನಿಂತು, "ಹೋಗಿ ನೋಡು ನಿನ್ನ ಟೊಮೆಟೊ ತೋಟಾನ. ಗಿಡಗಳೆಲ್ಲ ಕಸರತ್ತು ಮಾಡ್ತಾ ಇವೆ" ಅಂದ.

ಬಾಯಿ ಮುಕ್ಕಳಿಸದೆಯೇ ಓಡಿದೆ. ಕೆಳಗಿನ ಹೊಲದ ಅರ್ಧ ಭಾಗ, ಬದುವಿನ ಕಡೆಯ ಸಾಲುಗಳು, ತಿರುಚಿಕೊಂಡು ನಿಂತಿದ್ದವು. ಕಾಂಡ ಕೊಂಕಿತ್ತು, ಎಳೆ ಎಲೆಗಳು ಹಿಂಡಿದ ಬಟ್ಟೆಯ ಹಾಗೆ ಸುರುಳಿಯಾಗಿದ್ದವು. ಹೂವು ಬಿಡುವ ಹೊತ್ತಿನಲ್ಲಿ ಹೀಗೆ. ಬಾವಿಯ ಕಡೆಯ ಸಾಲುಗಳು ಮಾತ್ರ ಏನೂ ಆಗದವರಂತೆ ಹಸಿರಾಗಿ ನಿಂತಿದ್ದವು. ಅಲ್ಲೇ ಮಣ್ಣಿನಲ್ಲಿ ಕೂತೆ.

ಈ ಹೊಲದ ಕಥೆ ಹೇಳಿಬಿಡುತ್ತೇನೆ. ಗಂಡನ ಮನೆಯಿಂದ ಪೆಟ್ಟಿಗೆ ಸಮೇತ ವಾಪಸ್ಸು ಬಂದವಳು ನಾನು. ಬಂದವಳಿಗೆ ಅಣ್ಣ ಊಟ ಇಲ್ಲವೆನ್ನಲಿಲ್ಲ. ಆದರೆ ಅವನ ಮನೆಯಲ್ಲಿ ತಟ್ಟೆ ಹಿಡಿದು ಕೂರುವಾಗ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೆಳಗಿನ ಹೊಲದ ಮಣ್ಣಿನ ಮೇಲೆ ಇಟ್ಟಿಗೆ ಭಟ್ಟಿಯವನ ಕಣ್ಣು ಬಿದ್ದಿತ್ತು. ಅಣ್ಣನೂ ಮಾರಲು ಒಂದು ಕಾಲು ಮುಂದಿಟ್ಟಿದ್ದ. ಆಗ ಅಪ್ಪ ಎಲ್ಲರೆದುರು ಹೇಳಿದ: "ಇದೊಂದು ಬೆಳೆ ಇವಳು ಮಾಡಲಿ. ಸಾಸ್ ಫ್ಯಾಕ್ಟರಿಯವನು ಹಣ್ಣು ಒಪ್ಪಿಕೊಂಡು ಲಾರಿಗೆ ತುಂಬಿದ ದಿನ ಹೊಲ ಇವಳದ್ದು. ಬೆಳೆ ಕೆಟ್ಟರೆ ಭಟ್ಟಿಯವನದ್ದು." ಭಟ್ಟಿಯವನು ಒಮ್ಮೆ ಅಗೆದನೆಂದರೆ ಅದು ಮತ್ತೆ ಹೊಲವಾಗುವ ಮಾತೇ ಇಲ್ಲ, ಹೊಂಡ. ನನಗೆ ಇದ್ದದ್ದು ಇದೊಂದೇ ನೆಲೆ.

ಸುದ್ದಿ ಕೇಳಿ ಅಪ್ಪನೂ ಬಂದ. ಗಿಡ ಮುಟ್ಟಿ ನೋಡಿದವನೇ ನನ್ನ ಮೇಲೆ ಹರಿಹಾಯ್ದ.

"ಬಡ್ಕೊಂಡೆ ನಾನು. ಆ ಅಗ್ಗದ ಔಷಧಿ ಬೇಡ ಅಂತ ಬಡ್ಕೊಂಡೆ. ಜೋಳಕ್ಕೆ ಹೊಡೆದಿದ್ದು ಗಾಳೀಲಿ ಹಾರಿ ಬಂದು ಇಲ್ಲಿ ಕೂತಿದೆ. ಕಂಪನಿ ಮಾಲು ಯಾವತ್ತಾದ್ರೂ ಹೀಗೆ ಮಾಡಿತ್ತಾ?"

ಅಗ್ಗದ ಕ್ಯಾನು ಆರಿಸಿದ್ದು ನಾನೇ. ಮೇಲಿನ ಹೊಲದಲ್ಲಿ ಅಪ್ಪನ ಮೆಕ್ಕೆಜೋಳ. ಅದರ ಕಳೆಗೆ ಅವನು ವರ್ಷಗಳಿಂದ ಒಂದೇ ಕಂಪನಿಯ ನೀಲಿ ಔಷಧಿ ತರುತ್ತಿದ್ದ. ಆ ಸಲ ಅಂಗಡಿಗೆ ನಾನೂ ಹೋಗಿದ್ದೆ. ಪಕ್ಕದಲ್ಲೇ ಇನ್ನೊಂದು ಕ್ಯಾನು ಇತ್ತು, ಹೆಸರಿಲ್ಲದ ಸಣ್ಣ ಕಂಪನಿಯದು, ಹೆಚ್ಚುಕಡಿಮೆ ಅರ್ಧ ಬೆಲೆ. ಎರಡರ ಚೀಟಿಯನ್ನೂ ಓದಿದೆ. ಒಳಗಿದ್ದ ಮದ್ದು ಅದೇ, ಅದರ ಪ್ರಮಾಣವೂ ಅದೇ. ಅಂಗಡಿಯವನೂ ಹೂಂಗುಟ್ಟಿದ. "ಎರಡೂ ಒಂದೇ ಅಕ್ಕ. ಇದಕ್ಕೆ ಬಣ್ಣ ಹಾಕಿರಲ್ಲ, ಅಷ್ಟೇ."

"ಬಣ್ಣ ಕಟ್ಕೊಂಡು ನಮಗೇನಾಗಬೇಕು? ಕಳೆಗೆ ಅಲಂಕಾರ ಮಾಡ್ಬೇಕಾ?" ಅಂದಿದ್ದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದರು. ಅಪ್ಪ ಮಾತ್ರ ಮುಖ ಊದಿಸಿಕೊಂಡೇ ಕ್ಯಾನು ಹೊತ್ತು ತಂದ.

ಜೋಳಕ್ಕೆ ಹೊಡೆದ ಸಂಜೆ ಅವನ ಮುಖ ಸ್ವಲ್ಪ ಸಡಿಲವಾಗಿತ್ತು. ಬಾವಿಕಟ್ಟೆಯಲ್ಲಿ ಬೆನ್ನಿನ ಪಂಪನ್ನೂ, ಔಷಧಿ ಕಲಸುವ ಡ್ರಮ್ಮನ್ನೂ ಅವನೇ ತೊಳೆದ. ಬೆಳಿಗ್ಗೆ ನನ್ನ ಟೊಮೆಟೊಗೆ ಹುಳುವಿನ ಔಷಧಿ ಹೊಡೆಯಬೇಕಿತ್ತು. ಮಗಳು ತೊಳೆಯುತ್ತಾ ಕೂರಬಾರದು ಅಂತ ಸೊಂಟ ಹಿಡಿದುಕೊಂಡು ತೊಳೆದ. ನಮ್ಮ ಮನೆಯಲ್ಲಿ ತೊಳೆಯುವುದಕ್ಕೆ ಇದ್ದದ್ದು ಒಂದೇ ಕಟ್ಟಳೆ, ಅಪ್ಪನೇ ಕಲಿಸಿದ್ದು: ನೀರು ತಿಳಿಯಾಗುವ ತನಕ. ನೀಲಿ ಹೋಗಲು ಎಷ್ಟೋ ಕೊಡ ನೀರು ಬೇಕಾಗುತ್ತಿತ್ತು. ಆ ಸಂಜೆ ಬೇಗ ಮುಗಿಸಿ ಎದ್ದ. "ಒಂದು ಮಾತು ಒಪ್ಕೋಬೇಕು ಮೆಣಸಿನಕಾಯಿ, ನಿನ್ನ ಅಗ್ಗದ್ದು ತೊಳೆಯೋಕೂ ಸುಲಭ" ಅಂದ. ನನ್ನ ನಾಲಿಗೆಗೆ ಅವನಿಟ್ಟ ಹೆಸರು ಮೆಣಸಿನಕಾಯಿ.

ಮಾರನೆಯ ಬೆಳಿಗ್ಗೆ ಅದೇ ಡ್ರಮ್ಮಿನಲ್ಲಿ ಕಲಸಿ, ಅದೇ ಪಂಪಿನಲ್ಲಿ ಬದುವಿನ ಕಡೆಯಿಂದ ಹೊಡೆಯಲು ಶುರು ಮಾಡಿದೆ. ಅರ್ಧ ಹೊಲಕ್ಕೆ ಹುಳುವಿನ ಔಷಧಿ ಮುಗಿಯಿತು. ಉಳಿದರ್ಧಕ್ಕೆ ತಂದು ಹೊಡೆಯೋಣ ಅಂತಿದ್ದಾಗಲೇ, ನಾಲ್ಕೈದು ದಿನದಲ್ಲಿ ಹೀಗಾಯಿತು.

ಅಣ್ಣ ಆಗಲೇ ಬದುವಿನ ಮೇಲೆ ನಿಂತು ಭಟ್ಟಿಯವನ ಜೊತೆ ಫೋನಿನಲ್ಲಿದ್ದ. "ಬರ್ತೀರಾ? ಬನ್ನಿ ಬನ್ನಿ, ಅಳತೆ ಮಾಡ್ಕೊಂಡು ಹೋಗಿ" ಅನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

"ಇನ್ನೂ ಅರ್ಧ ನಿಂತಿದೆ. ಹೆಣ ಎತ್ತೋ ಮುಂಚೆ ಚಾಪೆ ಮಡಚಬೇಡ" ಅಂತ ಕಿರುಚಿದೆ. ಫ್ಯಾಕ್ಟರಿಯವನಿಗೆ ನಾನೇ ಫೋನು ಮಾಡಿ ಅತ್ತೆ, ಗೋಗರೆದೆ. ಅರ್ಧ ಹೊಲ ಚೆನ್ನಾಗಿ ಬಂದರೂ ಲಾರಿ ಕಳಿಸುತ್ತೇನೆ ಅಂದ. ಅಪ್ಪನ ಮುಖ ನೋಡಿದೆ. "ಅವನು ಒಪ್ಪಿದ್ರೆ ನನ್ನ ಮಾತು ಮಾತೇ" ಅಂದ ಅಪ್ಪ. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದ: "ನೀನು ಔಷಧಿ ಅಂಗಡಿಗೆ ಹೋಗಿ ಏನಾಯ್ತು ಅಂತ ಕೇಳ್ಕೊಂಡು ಬಾ. ಉಳಿದಿದ್ದನ್ನ ನಾನು ನೋಡ್ಕೋತೀನಿ."

ತಿರುಚಿದ ಒಂದು ರೆಂಬೆಯನ್ನು ಕವರಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಅಂಗಡಿಯಲ್ಲಿ ಜನ ಇದ್ದರು. ಇದ್ದರೆ ಇರಲಿ ಅಂತ ರೆಂಬೆಯನ್ನು ಅವನ ಮೇಜಿನ ಮೇಲೆ ಎಸೆದೆ.

"ಎರಡೂ ಒಂದೇ ಅಂದ್ರಲ್ಲ. ನೋಡಿ ನಿಮ್ಮ ಒಂದೇನ."

ಅವನು ಎಲೆ ಬಿಡಿಸಿ ನೋಡಿದ. ಸಿಟ್ಟು ಮಾಡಿಕೊಳ್ಳಲಿಲ್ಲ. "ಜೋಳ ಹೇಗಿದೆ ಅಕ್ಕ?"

"ಜೋಳಕ್ಕೇನು ಧಾಡಿ? ಚೆನ್ನಾಗಿದೆ."

"ಕಳೆ?"

"ಸತ್ತಿದೆ."

"ಅಂದ್ಮೇಲೆ ಔಷಧಿ ಸರಿ ಇದೆ. ಗಾಳೀಲಿ ಹಾರಿದ್ದಾದ್ರೆ ಜೋಳದ ಪಕ್ಕದ ಸಾಲು ಮೊದಲು ಹೋಗ್ಬೇಕಿತ್ತು. ಜೋಳ ಯಾವ ಕಡೆ?"

"ಬಾವಿ ಕಡೆ." ಹೇಳುವಾಗಲೇ ನನ್ನ ದನಿ ಇಳಿಯಿತು. ಬಾವಿಯ ಕಡೆಯ ಸಾಲುಗಳೇ ಚೆನ್ನಾಗಿದ್ದದ್ದು.

"ಟೊಮೆಟೊಗೂ ಅದೇ ಪಂಪಲ್ಲಿ ಹೊಡೆದ್ರಾ?"

"ತೊಳೆದೇ ಹೊಡೆದಿದ್ದು. ಅಪ್ಪ ತೊಳೆದಿದ್ದಾನೆ, ನೀರು ತಿಳಿಯಾಗೋ ತನಕ."

ಅವನು ಕಪಾಟಿನಿಂದ ನಮ್ಮ ತರಹದ್ದೇ ಒಂದು ಕ್ಯಾನು ತೆಗೆದು, ನೀರಿನ ಲೋಟಕ್ಕೆ ಒಂದು ಹನಿ ಬಿಟ್ಟು ಅಲ್ಲಾಡಿಸಿ ನನ್ನ ಮುಂದಿಟ್ಟ. ಲೋಟದಾಚೆಯ ಅವನ ಬೆರಳು ಸ್ಪಷ್ಟವಾಗಿ ಕಾಣುತ್ತಿತ್ತು. ಘಾಟು ಮಾತ್ರ ಮೂಗಿಗೆ ಬಡಿಯಿತು.

"ಇದು ಮೊದಲಿಂದಲೂ ತಿಳಿನೇ ಅಕ್ಕ. ಇದನ್ನ ಕಣ್ಣಲ್ಲಿ ನೋಡಿ ತೊಳೆಯೋಕಾಗಲ್ಲ. ಜೋಳಕ್ಕೆ ಏನೂ ಮಾಡಲ್ಲ, ಟೊಮೆಟೊಗೆ ವಾಸನೆ ಸೋಕಿದ್ರೂ ಸಾಕು."

ನನ್ನ ಅಹಂಕಾರದ ನಗು, ಕಳೆಗೆ ಅಲಂಕಾರ ಮಾಡಬೇಕಾ ಅಂದದ್ದು, ಕಿವಿಯಲ್ಲಿ ಗುಂಯ್‌ಗುಟ್ಟಿತು. ಆದರೆ ಅದರ ಹಿಂದೆಯೇ ಒಂದು ಆಸೆ ಚಿಗುರಿತು. ಪಂಪಿನಿಂದ ಬಂದ ವಿಷವಾದರೆ, ಪಂಪು ಹೋಗದ ಅರ್ಧ ಹೊಲಕ್ಕೆ ಯಾವ ಭಯವೂ ಇಲ್ಲ. ಆ ಅರ್ಧ ಸಾಕು ನನಗೆ. ಅಂಗಡಿಯವನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಯೋಚಿಸಿದ್ದು ಅಪ್ಪನ ಬಗ್ಗೆ. ಸರಿಯಾಗಿ ತೊಳೆಯದೆ ಬಿಟ್ಟಿದ್ದು ನೀನೇ ಅಂತ ಹೇಳಲೇ? ಬೆಳಿಗ್ಗೆ ಎಷ್ಟು ಬೈದಿದ್ದ, ನಾಲ್ಕು ಮಾತು ತಿರುಗಿಸಿ ಕೊಡಬೇಕು ಅನ್ನಿಸಿತು. ಆಮೇಲೆ ಸೊಂಟ ಹಿಡಿದುಕೊಂಡು ಡ್ರಮ್ಮು ಉಜ್ಜುತ್ತಿದ್ದ ಅವನ ಬೆನ್ನು ನೆನಪಾಯಿತು. ಬೇಡ. ಅಗ್ಗದ ಔಷಧಿಯೇ ಕೆಟ್ಟದ್ದು ಅನ್ನೋಣ, ತಪ್ಪೆಲ್ಲ ನನ್ನದೇ ಅನ್ನೋಣ. ಹೊಲ ಸಿಕ್ಕರೆ ಬೈಗುಳ ಯಾವ ಲೆಕ್ಕ?

ಬಸ್ಸಿಳಿದು ಹೊಲದ ದಾರಿಯಲ್ಲೇ ಹೋದೆ. ದೂರದಿಂದಲೇ ಅಪ್ಪ ಕಾಣಿಸಿದ. ಬಾವಿಯ ಕಡೆಯ ಸಾಲುಗಳಲ್ಲಿ, ಬೆನ್ನಿಗೆ ಪಂಪು ಕಟ್ಟಿಕೊಂಡು, ಒಂದೊಂದು ಗಿಡದ ಮುಂದೆಯೂ ನಿಂತು, ಎಲೆಯನ್ನು ಕೈಯಲ್ಲಿ ಎತ್ತಿ ಹಿಡಿದು, ಅಡಿಯೂ ನೆನೆಯುವ ಹಾಗೆ ಹೊಡೆಯುತ್ತಿದ್ದ. ಕೊನೆಯ ಸಾಲಿಗೆ ಬಂದಿದ್ದ.

"ಅಪ್ಪಾ! ನಿಲ್ಲಿಸು!"

ಅವನು ತಿರುಗಿ ನಕ್ಕ. ಮುಖದ ತುಂಬ ಬೆವರು. "ಹೆದರ್ಬೇಡ್ವೇ, ಔಷಧಿ ಅಲ್ಲ. ಬರೀ ನೀರು. ಗಾಳೀಲಿ ಬಂದು ಕೂತ ವಿಷಾನ ತೊಳೀತಾ ಇದೀನಿ. ಬೆಳಿಗ್ಗೆಯಿಂದ ಒಂದು ಗಿಡಾನೂ ಬಿಟ್ಟಿಲ್ಲ."

ನಾನು ಅವನ ಹತ್ತಿರ ಹೋಗಲಿಲ್ಲ. ಬಾವಿಕಟ್ಟೆಗೆ ಓಡಿದೆ. ಅಲ್ಲಿ ಅಪ್ಪ ಪಂಪಿಗೆ ತುಂಬಿಕೊಳ್ಳುತ್ತಿದ್ದ ಅದೇ ಡ್ರಮ್ಮಿನ ತುಂಬ ನೀರಿತ್ತು, ತಳದ ಗೀರುಗಳೂ ಕಾಣುವಷ್ಟು ತಿಳಿಯಾದ ನೀರು. ಮೂಗು ಹತ್ತಿರ ಒಯ್ದೆ. ಬಾವಿಯ ನೀರಿಗೆ ಆ ಘಾಟು ಇರುವುದಿಲ್ಲ. ನೇರ ಬಾವಿಯಿಂದಲೇ ಒಂದು ಕೊಡ ನೀರು ಸೇದಿ ತಂದು, ಇನ್ನೂ ಹಸಿಯಾಗಿದ್ದ ಕೊನೆಯ ಸಾಲಿನ ಗಿಡಗಳ ನೆತ್ತಿಗೆ ಸುರಿದೆ. ಮತ್ತೆ ಓಡಿದೆ. ಮತ್ತೆ ಸುರಿದೆ. ನೀರು ಆರಿಹೋಗಿದ್ದ ಹಿಂದಿನ ಸಾಲುಗಳ ಕಡೆ ನೋಡುವ ಧೈರ್ಯವಾಗಲಿಲ್ಲ. ಅವು ಬೆಳಿಗ್ಗೆಯೇ ಕುಡಿದು ಮುಗಿಸಿದ್ದವು.

"ತೊಳೆದಿದ್ದನ್ನೇ ಮತ್ತೆ ಯಾಕೆ ತೊಳೀತೀಯ? ತಲೆ ಕೆಟ್ಟಿದ್ಯಾ ನಿಂಗೆ?" ಅಪ್ಪ ನಗುತ್ತಲೇ ಹಿಂದೆ ಬಂದ. ಅಳು ಬರುತ್ತಿತ್ತು, ಕೊಡ ಕೈ ಜಾರುತ್ತಿತ್ತು. ಬಸ್ಸಿನಲ್ಲಿ ಕಟ್ಟಿಕೊಂಡಿದ್ದ ಸುಳ್ಳು ಒಂದೂ ಬಾಯಿಗೆ ಬರಲಿಲ್ಲ.

ಅವನು ನನ್ನ ಮುಖ ನೋಡಿದ. ಕೊಡ ನೋಡಿದ. ಡ್ರಮ್ಮು ಬಿಟ್ಟು ಬಾವಿಗೇ ಯಾಕೆ ಓಡುತ್ತಿದ್ದೇನೆ ಅಂತ ನೋಡಿದ. ಆಮೇಲೆ ಪಂಪಿನ ಮೂತಿಯಿಂದ ಅಂಗೈಗೆ ಸ್ವಲ್ಪ ನೀರು ಬಿಟ್ಟುಕೊಂಡು ಮೂಸಿದ. ಮತ್ತೊಮ್ಮೆ ಮೂಸಿದ.

"ತೊಳೆಯೋಕೂ ಸುಲಭ ಅಂದಿದ್ದೆನಲ್ಲೇ ನಾನು" ಅಂದ.

ಪಂಪು ಬೆನ್ನ ಮೇಲಿದ್ದ ಹಾಗೆಯೇ ಸಾಲಿನ ನಡುವೆ ಕೂತುಬಿಟ್ಟ. ಒದ್ದೆಯಾದ ಎರಡೂ ಕೈಗಳನ್ನು ಮೈಗೆ ತಾಗದ ಹಾಗೆ, ಗಿಡಗಳಿಗೂ ತಾಗದ ಹಾಗೆ, ಗಾಳಿಯಲ್ಲಿ ಎತ್ತಿ ಹಿಡಿದಿದ್ದ. ನಾನು ಇನ್ನೊಂದು ಕೊಡ ತಂದು ಮೊದಲು ಅವನ ಕೈ ತೊಳೆದೆ.